ಮೂರೂವರೆ ವರ್ಷದ ಮಗುವಿನೊಂದಿಗೆ ಸಸ್ಯೋದ್ಯಾನ: ಏನು ತೋರಿಸಬೇಕು, ಎಷ್ಟು ಹೊತ್ತು ಇರಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಮೂರೂವರೆ ವರ್ಷ. ಕಳೆದ ವಾರ ನಾವಿಬ್ಬರೂ ಅವಳನ್ನು ನಗರದ ಸಸ್ಯೋದ್ಯಾನಕ್ಕೆ ಮೊದಲ ಬಾರಿಗೆ ಕರೆದುಕೊಂಡು ಹೋಗಿದ್ದೆವು. ಹೋಗುವ ಮುನ್ನ ನಾನು ಉದ್ಯಾನದ ನಕ್ಷೆಯನ್ನು ನೋಡಿ ತಾಳೆ ಜಾತಿಯ ಮರಗಳು, ಕಳ್ಳಿ ಗಿಡಗಳು, ಔಷಧಿ ಸಸ್ಯಗಳ ತೋಟ, ತಾವರೆ ಕೊಳ ಮತ್ತು ಗಾಜಿನ ಮನೆ ಎಂದು ಐದು ಜಾಗಗಳನ್ನು ಗುರುತು ಹಾಕಿಕೊಂಡಿದ್ದೆ. ಅವಳಿಗೆ ಚಿತ್ರಪುಸ್ತಕದಲ್ಲಿ ಕಂಡ ಗಿಡಮರಗಳೆಲ್ಲ ಒಂದೇ ಕಡೆ ಕಣ್ಣಾರೆ ಸಿಗುತ್ತವೆ ಎಂಬ ಆಸೆ ನನ್ನದಾಗಿತ್ತು.

ನಡೆದದ್ದೇ ಬೇರೆ. ಬಾಗಿಲು ದಾಟಿ ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ, ಒಂದು ದೊಡ್ಡ ಮರದ ಬುಡದಲ್ಲಿ ಇರುವೆಗಳು ಸತ್ತ ಕೀಟವೊಂದರ ರೆಕ್ಕೆಯನ್ನು ನೆಟ್ಟಗೆ ಎತ್ತಿಹಿಡಿದು ಎಳೆದುಕೊಂಡು ಹೋಗುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತವಳು ಎದ್ದೇಳಲೇ ಇಲ್ಲ. ಇಪ್ಪತ್ತು ನಿಮಿಷ ಕಾದ ಮೇಲೆ ನಾನು ಕೈಹಿಡಿದು ಎಬ್ಬಿಸಿದೆ, ಅವಳು ಅತ್ತಳು. ಮುಂದೆ ಹೂವಿನ ಪಾತಿಯ ಬಳಿ ಅವಳು ಒಂದು ಹೂವನ್ನು ಕಿತ್ತಾಗ ಅಲ್ಲಿದ್ದ ಸಿಬ್ಬಂದಿಯೊಬ್ಬರು ಗದರಿದರು. ಔಷಧಿ ಸಸ್ಯಗಳ ತೋಟದಲ್ಲಿ ನಾನು ಫಲಕ ಓದುತ್ತಿದ್ದಾಗ ಅವಳ ಮುಷ್ಟಿಯಲ್ಲಿ ಕೆಂಪು ಬಣ್ಣದ, ಒಂದು ತುದಿ ಕಪ್ಪಾಗಿರುವ ಮೂರು ಬೀಜಗಳಿದ್ದವು. ಅವುಗಳಲ್ಲಿ ಒಂದು ತುಟಿಯ ಹತ್ತಿರ ಹೋಗಿತ್ತು. ಕಸಿದುಕೊಂಡೆ, ಆದರೆ ಆ ಕ್ಷಣದ ನಡುಕ ಇನ್ನೂ ಹೋಗಿಲ್ಲ. ಕೊನೆಯಲ್ಲಿ ಗಾಜಿನ ಮನೆಯೊಳಗೆ ಕಾಲಿಡುತ್ತಿದ್ದಂತೆ ಮೇಲಿನಿಂದ ಸುಯ್ಯೆಂದು ನೀರಿನ ಮಂಜು ಚಿಮ್ಮಿದ್ದಕ್ಕೆ ಹೆದರಿ ಅವಳು ನನ್ನ ಕುತ್ತಿಗೆಗೆ ಜೋತುಬಿದ್ದಳು. ಐದರಲ್ಲಿ ಎರಡು ಜಾಗಗಳನ್ನೂ ಸರಿಯಾಗಿ ನೋಡದೆ ಹಿಂದಿರುಗಿದೆವು.

ರಾತ್ರಿ ಮಲಗುವಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಇರುವೆ ಆ ರೆಕ್ಕೆಯನ್ನು ಮನೆಯೊಳಗೆ ಹೇಗೆ ತೂರಿಸುತ್ತದೆ?"

ಮತ್ತೆ ಹೋಗಬೇಕೆಂದಿದ್ದೇನೆ. ಈ ವಯಸ್ಸಿನ ಮಗುವಿಗೆ ಎಷ್ಟು ಹೊತ್ತು ಸಾಕು? ಏನನ್ನು ತೋರಿಸಿದರೆ ಅದರ ಮನಸ್ಸಿನಲ್ಲಿ ನಿಲ್ಲುತ್ತದೆ? ಕೀಳಬಾರದು ಎಂಬುದನ್ನು ಗದರದೆ ತಿಳಿಹೇಳುವುದು ಹೇಗೆ? ವಿಷದ ಗಿಡಗಳ ಬಗ್ಗೆ ಎಷ್ಟು ಎಚ್ಚರ ವಹಿಸಬೇಕು? ಮಕ್ಕಳೊಂದಿಗೆ ಹೋಗಿ ಬಂದ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ನಾನು ಇಬ್ಬರು ಮಕ್ಕಳ ತಾಯಿ. ದೊಡ್ಡವನಿಗೆ ಎರಡು ವರ್ಷವಿದ್ದಾಗಿನಿಂದ, ಅಂದರೆ ಆರು ವರ್ಷಗಳಿಂದ, ತಿಂಗಳಿಗೆ ಒಮ್ಮೆಯಾದರೂ ಸಸ್ಯೋದ್ಯಾನಕ್ಕೆ ಹೋಗುತ್ತಿದ್ದೇವೆ. ನೀವು ಬರೆದದ್ದನ್ನು ಓದಿದಾಗ ನನಗೆ ಅನ್ನಿಸಿದ್ದನ್ನು ಮೊದಲು ಹೇಳಿಬಿಡುತ್ತೇನೆ: ನಿಮ್ಮ ಮಗಳ ಆ ದಿನ ಹಾಳಾಗಿಲ್ಲ. ಇಪ್ಪತ್ತು ನಿಮಿಷ ಒಂದೇ ಕಡೆ ಮನಸ್ಸಿಟ್ಟು ನೋಡಿ, ನೋಡಿದ್ದರಿಂದ ಒಂದು ಪ್ರಶ್ನೆಯನ್ನು ಕಟ್ಟಿ, ಅದನ್ನು ರಾತ್ರಿಯವರೆಗೆ ನೆನಪಿನಲ್ಲಿ ಇಟ್ಟುಕೊಂಡ ಮಗು ಆ ದಿನ ಬಹಳವನ್ನೇ ಗಳಿಸಿದೆ. ಉಳಿದ ನಾಲ್ಕು ಜಾಗಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಹೊತ್ತಿನ ಬಗ್ಗೆ ಹೇಳುವುದಾದರೆ, ಬಾಗಿಲಿನಿಂದ ಬಾಗಿಲಿಗೆ ಒಂದೂವರೆ ಗಂಟೆ ನಮಗೆ ಸರಿಹೊಂದಿದ ಅಳತೆ. ಅದರಲ್ಲಿ ನಡಿಗೆ, ಕುಳಿತುಕೊಳ್ಳುವುದು, ನೀರು ಕುಡಿಯುವುದು, ಶೌಚಾಲಯ ಎಲ್ಲವೂ ಸೇರಿರುತ್ತದೆ. ಎರಡು ಗಂಟೆ ದಾಟಿದರೆ ಮಗು ದಣಿಯುತ್ತದೆ, ದಣಿದ ಮಗುವಿಗೆ ಜಗತ್ತಿನ ಅತಿ ಅಪರೂಪದ ಮರವೂ ಬೇಡವಾಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗುವುದು ಒಳ್ಳೆಯದು. ಬಿಸಿಲು ಏರಿರುವುದಿಲ್ಲ, ಜನ ಕಡಿಮೆ, ಜೇಡರ ಬಲೆಗಳ ಮೇಲಿನ ಹನಿಗಳು ಇನ್ನೂ ಆರಿರುವುದಿಲ್ಲ. ಸಂಜೆ ನೆರಳು ಮತ್ತು ನೀರು ಇರುವ ಕಡೆ ಸೊಳ್ಳೆಗಳು ಹೆಚ್ಚು. ತಳ್ಳುಗಾಡಿಯನ್ನು ಮರೆಯದೆ ಒಯ್ಯಿರಿ. ಹೋಗುವಾಗ ಅವಳು ಅದರಲ್ಲಿ ಕೂರಲು ಒಪ್ಪದಿದ್ದರೂ ಬರುವಾಗ ಅದು ಬೇಕೇ ಬೇಕಾಗುತ್ತದೆ. ಬಾಗಿಲಿನಿಂದ ಅತಿ ದೂರದ ಜಾಗಕ್ಕೆ ಮೊದಲು ಗಾಡಿಯಲ್ಲಿ ಕೂರಿಸಿ ಕರೆದೊಯ್ದು, ಅಲ್ಲಿಂದ ಬಾಗಿಲ ಕಡೆಗೆ ನಿಧಾನವಾಗಿ ನಡೆದು ಬನ್ನಿ. ದಣಿವಾಗುವ ಹೊತ್ತಿಗೆ ಬಾಗಿಲು ಹತ್ತಿರವಿರುತ್ತದೆ. ಈ ಒಂದು ಬದಲಾವಣೆಯಿಂದ ನಮ್ಮ ಅಳು, ಹಟ ಅರ್ಧಕ್ಕರ್ಧ ಕಡಿಮೆಯಾಯಿತು.

ಏನನ್ನು ತೋರಿಸಬೇಕು ಎಂಬುದು ಮುಖ್ಯ ಪ್ರಶ್ನೆ. ನನ್ನ ಅನುಭವದಲ್ಲಿ, ಮಗುವಿನ ಕಣ್ಣೆದುರೇ ಏನನ್ನಾದರೂ ಮಾಡುವ ಸಸ್ಯ ಅದರ ಮನಸ್ಸಿನಲ್ಲಿ ನಿಲ್ಲುತ್ತದೆ, ಬರೀ ಎತ್ತರವಾಗಿ ನಿಂತ ಸಸ್ಯ ನಿಲ್ಲುವುದಿಲ್ಲ. ಮುಟ್ಟಿದರೆ ಮುನಿ ಇದಕ್ಕೆ ಮೊದಲನೆಯ ಉದಾಹರಣೆ. ಎಲೆಯ ಬುಡದಲ್ಲಿರುವ ಸಣ್ಣ ಗಂಟಿನ ಜೀವಕೋಶಗಳಿಂದ ನೀರು ಹೊರಗೆ ಸರಿದಾಗ ಆ ಎಲೆ ಬಿಗುವು ಕಳೆದುಕೊಂಡು ಮಡಚಿಕೊಳ್ಳುತ್ತದೆ. ಮಗುವಿಗೆ ಇದನ್ನು ವಿವರಿಸಬೇಕಾಗಿಲ್ಲ, ಅದು ಮತ್ತೆ ತೆರೆಯುವವರೆಗೆ ಕಾಯುವುದನ್ನು ಮಾತ್ರ ಕಲಿಸಿ. ತೆರೆಯಲು ಹತ್ತು ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. ನನ್ನ ಚಿಕ್ಕವಳು ಒಂದು ಕಡ್ಡಿಯನ್ನು ಬುಡದಲ್ಲಿ ನೆಟ್ಟು, ಒಂದು ಸುತ್ತು ಹೋಗಿ ಬಂದು, "ನನ್ನ ಎಲೆ ಎದ್ದಿದೆ" ಎಂದು ಕುಣಿದಳು. ಎಲೆ ಮಡಚಿರುವಷ್ಟು ಹೊತ್ತು ಅದಕ್ಕೆ ಬೆಳಕು ಕಡಿಮೆ ಸಿಗುತ್ತದೆ. ಆದ್ದರಿಂದ ಒಂದೆರಡು ಎಲೆಗಳನ್ನಷ್ಟೇ ಮುಟ್ಟುವುದು, ಇಡೀ ಗಿಡವನ್ನು ಸವರಿ ಮಲಗಿಸದಿರುವುದು ನಮ್ಮ ಮನೆಯ ನಿಯಮ.

ಎರಡನೆಯದು ತಾವರೆ ಎಲೆ. ಕೈ ಎಟುಕುವಷ್ಟು ಹತ್ತಿರದಲ್ಲಿ ಕುಂಡದ ತಾವರೆ ಇದ್ದರೆ, ಮತ್ತು ಅಲ್ಲಿ ಅನುಮತಿ ಇದ್ದರೆ, ಬೆರಳ ತುದಿಯಿಂದ ಎಲೆಯ ಮೇಲೆ ಎರಡು ಹನಿ ನೀರು ಬಿಡಿ. ಹನಿ ಹರಡುವುದಿಲ್ಲ, ಪಾದರಸದ ಗುಂಡಿನಂತೆ ಉರುಳಾಡುತ್ತದೆ, ಎಲೆಯ ನಡುವಿನ ತಗ್ಗಿಗೆ ಬಂದು ಎರಡೂ ಹನಿಗಳು ಒಂದಾಗುತ್ತವೆ. ಎಲೆಯ ಮೇಲೆ ಧೂಳಿದ್ದರೆ ಉರುಳುವ ಹನಿ ಅದನ್ನೂ ಹೊತ್ತುಕೊಂಡು ಹೋಗುವುದು ಕಾಣುತ್ತದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು ಮತ್ತು ಅವುಗಳ ಮೇಲಿನ ಮೇಣದ ಲೇಪ ಸೇರಿ ಹೀಗಾಗುತ್ತದೆ. ಪಕ್ಕದ ಬೇರೊಂದು ಗಿಡದ ಎಲೆಯ ಮೇಲೂ ಹನಿ ಬಿಟ್ಟು ನೋಡಿದರೆ ವ್ಯತ್ಯಾಸ ಮಗುವಿಗೇ ತಿಳಿಯುತ್ತದೆ. ಕೊಳದ ಅಂಚಿನಲ್ಲಿ ಇರುವಷ್ಟು ಹೊತ್ತೂ ಮಗುವಿನ ಕೈ ನಿಮ್ಮ ಕೈಯಲ್ಲೇ ಇರಬೇಕು. ಕೊಳ ಎಷ್ಟೇ ಆಳವಿಲ್ಲದಂತೆ ಕಂಡರೂ ಇದರಲ್ಲಿ ರಿಯಾಯಿತಿ ಕೂಡದು, ಎಲೆಗಳು ಮುಚ್ಚಿಕೊಂಡಿರುವ ನೀರು ಚಿಕ್ಕ ಮಕ್ಕಳಿಗೆ ನೆಲದಂತೆಯೇ ಕಾಣುತ್ತದೆ.

ಒಂದು ಭೇಟಿಗೆ ಇಂಥ ಎರಡು ಅಥವಾ ಮೂರು ಸಸ್ಯಗಳು ಸಾಕು. ನಕ್ಷೆಯಲ್ಲಿ ಐದು ವಿಭಾಗಗಳ ಬದಲು ಮೂರು ಗಿಡಗಳನ್ನು ಗುರುತು ಹಾಕಿಕೊಳ್ಳಿ, ಇರುವೆಗಳಿಗೆ ಬಿಡುವು ಇಟ್ಟುಕೊಳ್ಳಿ.

ಉತ್ತರ 2

ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದವನು, ಕೆಲವು ವರ್ಷ ಒಂದು ಸಸ್ಯೋದ್ಯಾನದ ದಾಖಲೆಗಳನ್ನು ನೋಡಿಕೊಳ್ಳುವ ಕೆಲಸದಲ್ಲೂ ಇದ್ದೆ. ನಿಮ್ಮ ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ಮೊದಲು ಆ ಬೀಜಗಳ ವಿಷಯ. ನೀವು ವರ್ಣಿಸಿರುವ ಬೀಜ ಗುಲಗಂಜಿಯಂತೆ ತೋರುತ್ತದೆ. ಅದರಲ್ಲಿರುವ ಅಬ್ರಿನ್ ಎಂಬ ವಿಷ ಬಹಳ ತೀವ್ರವಾದದ್ದು. ಬೀಜದ ಹೊರಕವಚ ಗಟ್ಟಿಯಾಗಿರುವುದರಿಂದ ಅಗಿಯದೆ ಇಡಿಯಾಗಿ ನುಂಗಿದರೆ ಅದು ಹಾಗೆಯೇ ಹೊರಹೋಗುವ ಸಂಭವ ಹೆಚ್ಚು, ಆದರೆ ಅಗಿದರೆ ಅಥವಾ ಕವಚ ಒಡೆದಿದ್ದರೆ ಅಪಾಯ ದೊಡ್ಡದು. ಇಡಿಯಾಗಿ ನುಂಗಿದೆಯೆಂದು ಅನ್ನಿಸಿದರೂ ಆಸ್ಪತ್ರೆಗೆ ಹೋಗುವುದೇ ಸರಿ. ಹರಳು ಗಿಡದ ಬೀಜದಲ್ಲಿರುವ ರಿಸಿನ್ ಇದೇ ಬಗೆಯ ವಿಷ. ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷಕಾರಿ, ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ದತ್ತೂರಿಯ ಮುಳ್ಳುಕಾಯಿ ಮಕ್ಕಳ ಕಣ್ಣನ್ನು ಸೆಳೆಯುತ್ತದೆ, ಅದರ ಬೀಜಗಳೂ ಅಪಾಯಕಾರಿ. ನೆರಳಿನ ಪಾತಿಗಳಲ್ಲಿ ಅಂದಕ್ಕಾಗಿ ಬೆಳೆಸುವ, ಅಗಲ ಎಲೆಯ ಮೇಲೆ ಬಿಳಿ ಚುಕ್ಕೆಗಳಿರುವ ಡೈಫೆನ್‌ಬೇಕಿಯಾ ಎಂಬ ಗಿಡದ ಎಲೆಯನ್ನು ಕಚ್ಚಿದರೆ ಅದರೊಳಗಿನ ಸೂಜಿಯಾಕಾರದ ಹರಳುಗಳು ಬಾಯಿ ಮತ್ತು ನಾಲಿಗೆಗೆ ಚುಚ್ಚಿಕೊಂಡು ತೀವ್ರ ಉರಿ, ಬಾವು ಬರುತ್ತದೆ.

ಇಷ್ಟನ್ನು ಓದಿ ಹೆದರಿ ಮನೆಯಲ್ಲೇ ಉಳಿಯಬೇಡಿ. ಇವುಗಳಲ್ಲಿ ಹೆಚ್ಚಿನವು ರಸ್ತೆಬದಿಯಲ್ಲೂ ಮನೆಯಂಗಳದಲ್ಲೂ ಬೆಳೆಯುವಂಥವೇ. ಔಷಧಿ ಸಸ್ಯಗಳ ತೋಟದಲ್ಲಿ ಇವು ಇರುವುದಕ್ಕೂ ಕಾರಣವಿದೆ. ಔಷಧಿಯೂ ವಿಷವೂ ಎಷ್ಟೋ ಸಲ ಒಂದೇ ಗಿಡದಲ್ಲಿ ಇರುತ್ತವೆ. ಇಟಲಿಯ ಪಡುವಾದಲ್ಲಿ 1545ರಲ್ಲಿ ಆರಂಭವಾದ ಸಸ್ಯೋದ್ಯಾನ ಇಂದಿಗೂ ತನ್ನ ಮೂಲ ಸ್ಥಳದಲ್ಲೇ ಇದೆ. ಅದನ್ನು ಕಟ್ಟಿದ್ದೇ ವೈದ್ಯ ವಿದ್ಯಾರ್ಥಿಗಳು ಮದ್ದಿನ ಗಿಡ ಯಾವುದು, ಅದರಂತೆಯೇ ಕಾಣುವ ವಿಷದ ಗಿಡ ಯಾವುದು ಎಂದು ಕಣ್ಣಾರೆ ಕಲಿಯಲಿ ಎಂದು. ಮೂರೂವರೆ ವರ್ಷದ ಮಗುವಿಗೆ ಆ ವಿಂಗಡಣೆ ಸಾಧ್ಯವಿಲ್ಲ, ಹಾಗಾಗಿ ಅದಕ್ಕೆ ಒಂದೇ ನಿಯಮ ಇರಬೇಕು: ಇಲ್ಲಿಯ ಯಾವುದೂ ಬಾಯಿಗೆ ಹೋಗುವುದಿಲ್ಲ. "ಈ ಗಿಡ ಮಾತ್ರ ಕೆಟ್ಟದ್ದು" ಎಂದು ಬೆರಳು ಮಾಡಿ ತೋರಿಸಿದರೆ ಉಳಿದವೆಲ್ಲ ತಿನ್ನಬಹುದಾದವು ಎಂದು ಮಗು ತಿಳಿದುಕೊಳ್ಳುತ್ತದೆ. ಅಲ್ಲಿಂದ ಹೊರಡುವಾಗ ಎರಡೂ ಕೈಗಳನ್ನು ತೊಳೆಸಿ. ತಿನ್ನಲು ಏನಾದರೂ ಕೊಡುವುದಿದ್ದರೆ ಕೈ ತೊಳೆದ ಮೇಲೆಯೇ ಕೊಡಿ.

ಒಂದು ವೇಳೆ ಮಗು ಏನನ್ನಾದರೂ ಅಗಿದಿದ್ದರೆ, ಬಾಯಲ್ಲಿ ಉಳಿದಿರುವುದನ್ನು ಬೆರಳಿನಿಂದ ತೆಗೆದು, ಬಾಯಿ ತೊಳೆಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಗಿಡದ ಚೂರು ಅಥವಾ ಬೀಜವನ್ನು ಜೊತೆಗೆ ಒಯ್ಯಿರಿ, ಫಲಕದ ಫೋಟೊ ತೆಗೆದುಕೊಳ್ಳಿ. ಫಲಕದ ಮೇಲಿನ ವೈಜ್ಞಾನಿಕ ಹೆಸರು ಆಗ ವೈದ್ಯರಿಗೆ ಎಲ್ಲಕ್ಕಿಂತ ಉಪಯುಕ್ತ ಮಾಹಿತಿ. ಒಂದೇ ಗಿಡಕ್ಕೆ ಹತ್ತು ಊರುಗಳಲ್ಲಿ ಹತ್ತು ಹೆಸರುಗಳಿರುತ್ತವೆ, ಎರಡು ಬೇರೆ ಗಿಡಗಳಿಗೆ ಒಂದೇ ಹೆಸರೂ ಇರುತ್ತದೆ. ಈ ಗೊಂದಲ ಬೇಡವೆಂದೇ 1753ರಲ್ಲಿ ಲಿನೇಯಸ್ ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಹೆಸರನ್ನು ಕೊಡುವ ಕ್ರಮವನ್ನು ನೆಲೆಗೊಳಿಸಿದ್ದು.

ಇನ್ನೊಂದು ಅಪಾಯವನ್ನು ಜನ ಮರೆಯುತ್ತಾರೆ, ಅದು ಮೇಲಿನಿಂದ ಬೀಳುವ ಕಾಯಿಗಳು. ನಾಗಲಿಂಗ ಮರದ ಹೂವುಗಳು ಕಾಂಡದ ಮೇಲೆಯೇ ಅರಳುವುದರಿಂದ ಮಕ್ಕಳ ಕಣ್ಣಿನ ಎತ್ತರಕ್ಕೇ ಸಿಗುತ್ತವೆ, ತೋರಿಸಲು ಬಹಳ ಸೊಗಸು. ಆದರೆ ಅದರ ಕಾಯಿ ಫಿರಂಗಿ ಗುಂಡಿನಂತೆ ದುಂಡಗೆ, ಗಟ್ಟಿಯಾಗಿ, ಭಾರವಾಗಿರುತ್ತದೆ. ತುಸು ದೂರ ನಿಂತು ತೋರಿಸಿ. ಅದರ ಕೆಳಗೆ ಚಾಪೆ ಹಾಸಿ ಕೂರಬೇಡಿ.

ಈಗ ಕೀಳುವ ವಿಷಯ. ಸಸ್ಯೋದ್ಯಾನವು ಸಾಮಾನ್ಯ ಉದ್ಯಾನಕ್ಕಿಂತ ಬೇರೆಯಾಗುವುದು ದಾಖಲೆಯಿಂದ. ಫಲಕದ ಮೂಲೆಯಲ್ಲೋ ಕೊಂಬೆಗೆ ಕಟ್ಟಿದ ಸಣ್ಣ ತಗಡಿನ ಬಿಲ್ಲೆಯ ಮೇಲೋ ಒಂದು ಸಂಖ್ಯೆ ಇರುತ್ತದೆ. ಅನೇಕ ಉದ್ಯಾನಗಳಲ್ಲಿ ಅದರ ಮೊದಲ ನಾಲ್ಕು ಅಂಕಿಗಳು ಆ ಸಸ್ಯ ಅಲ್ಲಿಗೆ ಬಂದ ವರ್ಷವನ್ನು ಹೇಳುತ್ತವೆ. ಆ ಸಂಖ್ಯೆಯನ್ನು ಹಿಡಿದು ಹೋದರೆ ಬೀಜವನ್ನು ಎಲ್ಲಿಂದ ತಂದರು, ಯಾರು ಕೊಟ್ಟರು ಎಂಬುದೆಲ್ಲ ದಾಖಲೆಯಲ್ಲಿ ಸಿಗುತ್ತದೆ. ಹೀಗಾಗಿ ಕಿತ್ತ ಹೂವು ಕೇವಲ ಒಂದು ಹೂವಲ್ಲ, ಅದರಿಂದ ಆಗಬೇಕಾಗಿದ್ದ ಬೀಜವೂ ಹೋಯಿತು. ಬ್ರಿಟನ್ನಿನ ಕ್ಯೂ ಉದ್ಯಾನದಿಂದ 2014ರ ಜನವರಿಯಲ್ಲಿ ಜಗತ್ತಿನ ಅತಿ ಚಿಕ್ಕ ನೈದಿಲೆಯ ಒಂದು ಗಿಡ ಕಳವಾಯಿತು. ಅದರ ಮೂಲ ನೆಲೆ ರುವಾಂಡಾದ ಒಂದು ಬಿಸಿನೀರಿನ ಬುಗ್ಗೆಯ ಅಂಚು. ಅಲ್ಲಿ ಅದು ಅಳಿದುಹೋಗಿದೆಯೆಂದೇ ಆಗ ತಿಳಿಯಲಾಗಿತ್ತು, ಉಳಿದಿದ್ದುದು ಉದ್ಯಾನಗಳಲ್ಲಿ ಬೆಳೆಸಿದ ಗಿಡಗಳು ಮಾತ್ರ. ನಮ್ಮ ಮುಂದಿರುವ ಯಾವ ಕುಂಡದಲ್ಲಿ ಅಂಥ ಗಿಡವಿದೆಯೋ ನೋಡಿದ ಮಾತ್ರಕ್ಕೆ ಹೇಳಲಾಗುವುದಿಲ್ಲ.

ಇದನ್ನೆಲ್ಲ ಮಗುವಿಗೆ ಹೇಳಲಾಗದು, ನಿಜ. ಆದರೆ ಅದಕ್ಕೆ ಅರ್ಥವಾಗುವ ಮಾತೊಂದಿದೆ: "ಈ ಹೂವಿಗೆ ಇಲ್ಲಿ ಕೆಲಸ ಇದೆ, ಇನ್ನೂ ಮುಗಿದಿಲ್ಲ." ಆ ಮೇಲೆ ಆ ಹೂವಿಗೆ ಬರುವ ಜೇನುನೊಣವನ್ನು ಕಾದು ತೋರಿಸಿ. ಕೈಗೂ ಒಂದು ಕೆಲಸ ಬೇಕು. ನೆಲದ ಮೇಲೆ ಬಿದ್ದ ಎಲೆಗಳನ್ನು ಎತ್ತಿ, ಹೋಲಿಸಿ, ಅಲ್ಲೇ ಸಾಲಾಗಿ ಜೋಡಿಸಲು ಬಿಡಿ. ಬಿದ್ದ ಬೀಜ, ಕಾಯಿಗಳನ್ನು ಕೆಲವು ಉದ್ಯಾನಗಳು ತಾವೇ ಸಂಗ್ರಹಿಸುತ್ತವೆ, ಆದ್ದರಿಂದ ಮನೆಗೆ ಒಯ್ಯುವ ಮುನ್ನ ಸಿಬ್ಬಂದಿಯನ್ನು ಕೇಳುವುದು ಸರಿಯಾದ ಕ್ರಮ. ಮಗುವಿನ ಬಾಯಿಂದಲೇ ಕೇಳಿಸಿ. ಕಳೆದ ಸಲ ಗದರಿದ ಸಿಬ್ಬಂದಿಯೂ ಮೂರು ವರ್ಷದ ಮಗು ಬಂದು "ಇದನ್ನು ತೆಗೆದುಕೊಳ್ಳಬಹುದಾ?" ಎಂದು ಕೇಳಿದರೆ ಬಗ್ಗಿ ನಿಂತು ಮಾತನಾಡುತ್ತಾರೆ. ನಾನು ಅದನ್ನು ಎಷ್ಟೋ ಬಾರಿ ಕಂಡಿದ್ದೇನೆ.

ಉತ್ತರ 3

ಮೇಲಿನ ಇಬ್ಬರೂ ಬಹಳ ಉಪಯುಕ್ತವಾದ ವಿಷಯಗಳನ್ನು ಬರೆದಿದ್ದಾರೆ. ಒಂದು ಸಣ್ಣ ಭಿನ್ನಾಭಿಪ್ರಾಯವನ್ನು ಸೇರಿಸುತ್ತೇನೆ. ನಾನು ನನ್ನ ಮೊಮ್ಮಗನನ್ನು ಕರೆದುಕೊಂಡು ಹೋಗುವ ಅಜ್ಜ. ಪ್ರತಿ ಭೇಟಿಗೂ ಮೂರು ಗಿಡಗಳನ್ನು ಆರಿಸಿಕೊಳ್ಳಿ ಎಂಬ ಸಲಹೆ ಒಳ್ಳೆಯದೇ, ಆದರೆ ಅವು ಪ್ರತಿ ಸಲವೂ ಹೊಸ ಗಿಡಗಳಾಗಬೇಕಾಗಿಲ್ಲ. ಅವುಗಳಲ್ಲಿ ಒಂದಾದರೂ ಹಳೆಯದೇ ಆಗಿರಲಿ ಎಂಬುದು ನನ್ನ ವಾದ.

ನಾವು ಒಂದೇ ಒಂದು ಆಲದ ಮರಕ್ಕೆ ಎರಡು ವರ್ಷಗಳಿಂದ ಹೋಗುತ್ತಿದ್ದೇವೆ. ಮೊದಲ ಸಲ ಅವನು ಅದರ ಕಡೆ ನೋಡಿದ್ದೂ ಕಡಿಮೆ. ಮೂರನೆಯ ಸಲ ಒಂದು ಬಿಳಲು ಅವನ ತಲೆಗಿಂತ ಒಂದು ಗೇಣು ಮೇಲಿತ್ತು, ತುದಿ ಹಳದಿಯಾಗಿ ಮೆತ್ತಗಿತ್ತು. ಕೆಲವು ತಿಂಗಳು ಬಿಟ್ಟು ಹೋದಾಗ ಅದು ಅವನ ಕಿವಿಯ ಮಟ್ಟಕ್ಕೆ ಇಳಿದಿತ್ತು. ಅವನೂ ಬೆಳೆದಿದ್ದ, ಅದೂ ಇಳಿದಿತ್ತು. ಅಂದಿನಿಂದ ಅವನಿಗೆ ಉದ್ಯಾನವೆಂದರೆ ಆ ಬಿಳಲು. ಬಾಗಿಲು ದಾಟಿದ ಕೂಡಲೇ ನೇರವಾಗಿ ಅಲ್ಲಿಗೆ ಹೋಗಿ ಬೆನ್ನು ತಿರುಗಿಸಿ ಪಕ್ಕದಲ್ಲಿ ನಿಲ್ಲುತ್ತಾನೆ, ನಾನು ಎಲ್ಲಿಗೆ ಬಂದಿದೆ ಎಂದು ಹೇಳಬೇಕು. ಬಿಳಲನ್ನು ಮುಟ್ಟಬಾರದು, ತುದಿ ಮುರಿದರೆ ಬೆಳವಣಿಗೆಗೆ ಪೆಟ್ಟು ಎಂದು ಅವನೇ ಬೇರೆ ಮಕ್ಕಳಿಗೆ ಹೇಳುತ್ತಾನೆ. ನಾನು ಅವನಿಗೆ ಅದನ್ನು ಹೇಳಿದ್ದು ಒಮ್ಮೆ ಮಾತ್ರ.

ಈ ಸಂದರ್ಭದಲ್ಲಿ ಹೌರಾದ ಸಸ್ಯೋದ್ಯಾನದ ಮಹಾ ಆಲದ ಮರದ ಕಥೆಯನ್ನು ಅವನಿಗೆ ಹೇಳಿದ್ದೆ. ಅದರ ಮೂಲ ಕಾಂಡಕ್ಕೆ ಶಿಲೀಂಧ್ರ ರೋಗ ತಗುಲಿದ್ದರಿಂದ 1925ರಲ್ಲಿ ಕಾಂಡವನ್ನೇ ತೆಗೆದುಹಾಕಬೇಕಾಯಿತು. ಆದರೂ ಆ ಮರ ಇಂದು ಮೂರು ಸಾವಿರಕ್ಕೂ ಹೆಚ್ಚು ಬಿಳಲುಗಳ ಮೇಲೆ ಬದುಕಿದೆ. ಅಮ್ಮ ಕಾಂಡ ಇಲ್ಲದೆ ಮರ ಹೇಗೆ ನಿಂತಿದೆ ಎಂದು ಅವನು ಕೇಳಿದ. ಕೆಳಗೆ ಇಳಿದು ನೆಲ ಮುಟ್ಟಿದ ಬಿಳಲೆಲ್ಲ ಕಾಂಡವೇ ಆಗುತ್ತದೆ ಎಂದು ಹೇಳಿ, ನಮ್ಮ ಮರದಲ್ಲೇ ದಪ್ಪನಾದ, ನೆಲ ಹೊಕ್ಕ ಬಿಳಲೊಂದನ್ನು ತೋರಿಸಿದೆ.

ಹೆಸರುಗಳ ಬಗ್ಗೆಯೂ ಒಂದು ಮಾತು. ಫಲಕಗಳನ್ನು ಓದಿ ಹೇಳುವ ಅವಸರ ಬೇಡ. ಮಗು ತಾನೇ ಒಂದು ಹೆಸರಿಡುವವರೆಗೆ ಕಾಯಿರಿ. ನನ್ನ ಮೊಮ್ಮಗ ಕಾಂಡದ ತುಂಬ ಮುಳ್ಳಿರುವ ಬೂರುಗದ ಮರಕ್ಕೆ "ಮೊಸಳೆ ಮರ" ಎಂದು ಕರೆಯುತ್ತಿದ್ದ. ನಾಲ್ಕು ತಿಂಗಳ ನಂತರ ಅವನೇ ಬಂದು, "ತಾತ, ಮೊಸಳೆ ಮರದ ನಿಜವಾದ ಹೆಸರೇನು?" ಎಂದು ಕೇಳಿದ. ಆಗ ಹೇಳಿದ ಹೆಸರು ಮರೆತಿಲ್ಲ.

ಉತ್ತರ 1 ಬರೆದವರು

ತಾತನವರ ಮಾತು ಸರಿ, ನನ್ನ ಸಲಹೆಯನ್ನು ತಿದ್ದಿಕೊಳ್ಳುತ್ತೇನೆ: ಒಂದು ಹಳೆಯದು, ಎರಡು ಹೊಸದು. ನಾನು ಬರೆಯಲು ಮರೆತದ್ದು ಭೂತಗನ್ನಡಿ. ಚಿಕ್ಕದೊಂದು ಇದ್ದರೆ ಅವಳ ಕೈಗೆ ಕೊಡಿ, ಗಾಜಿನದು ಬೇಡ, ಪ್ಲಾಸ್ಟಿಕ್ಕಿನದಾದರೆ ಬಿದ್ದರೂ ಒಡೆಯುವುದಿಲ್ಲ. ಬಿಸಿಲಿನಲ್ಲಿ ಅದರಿಂದ ಸೂರ್ಯನ ಕಡೆ ನೋಡದಂತೆ, ಒಣ ಎಲೆಗಳ ಮೇಲೆ ಬೆಳಕು ಕೂಡದಂತೆ ನೋಡಿಕೊಳ್ಳಿ. ಭೂತಗನ್ನಡಿ ಕೈಯಲ್ಲಿರುವ ಮಗು ಕೀಳುವುದು ಬಹಳ ಕಡಿಮೆ, ಅದಕ್ಕೆ ಒಂದು ಕೈ ಕನ್ನಡಿಗೆ, ಇನ್ನೊಂದು ಕೈ ನೆಲಕ್ಕೆ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಬೆಳಿಗ್ಗೆ ಮತ್ತೆ ಹೋಗಿ ಬಂದೆವು. ಒಟ್ಟು ಒಂದು ಗಂಟೆ ಹತ್ತು ನಿಮಿಷ. ಮೊದಲು ದೂರದ ಕೊಳಕ್ಕೆ ಗಾಡಿಯಲ್ಲಿ ಹೋದೆವು. ಅಲ್ಲಿನ ತೋಟಗಾರರನ್ನು ಕೇಳಿದಾಗ ಅವರೇ ಕುಂಡದ ತಾವರೆಯ ಎಲೆಯೊಂದನ್ನು ಬಾಗಿಸಿ ಹಿಡಿದು ಅವಳಿಂದ ನೀರು ಹಾಕಿಸಿದರು. ಹನಿ ಉರುಳಿ ಅಂಚಿನಿಂದ ಬಿದ್ದಾಗ ಅವಳು ಎಲೆಯ ಮೇಲೆ ಕೈಯಿಟ್ಟು ನೋಡಿ, "ಒದ್ದೆಯೇ ಆಗಿಲ್ಲ" ಎಂದು ಪಿಸುಗುಟ್ಟಿದಳು, ಯಾರಿಗೂ ಕೇಳಿಸಬಾರದ ಗುಟ್ಟು ಎಂಬಂತೆ. ಅದೇ ಕೊಳದಲ್ಲಿ ತಟ್ಟೆಯಂತೆ ಅಂಚು ಮೇಲೆದ್ದಿರುವ ದೊಡ್ಡ ಎಲೆಗಳ ನೈದಿಲೆಯೂ ಇತ್ತು. ಅದರ ಮೇಲೆ ತಾನು ಕೂರಬಹುದೇ ಎಂದು ಕೇಳಿದಳು. ಏನು ಹೇಳಬೇಕೆಂದು ತಿಳಿಯದೆ ಬೇಡ ಎಂದಷ್ಟೇ ಹೇಳಿದೆ.

ಬರುವ ದಾರಿಯಲ್ಲಿ ಇರುವೆಯ ಮರಕ್ಕೆ ಹೋದೆವು. ಇರುವೆಗಳು ಇದ್ದವು, ರೆಕ್ಕೆ ಇರಲಿಲ್ಲ. ಅವಳು ಗೂಡಿನ ಬಾಯಿಯನ್ನು ಹುಡುಕಿ, ಅದರ ಪಕ್ಕ ತನ್ನ ಕಿರುಬೆರಳನ್ನು ಇಟ್ಟು ಅಳತೆ ನೋಡಿದಳು. ರೆಕ್ಕೆಯನ್ನು ಕತ್ತರಿಸಿರಬೇಕು ಎಂದು ತಾನೇ ತೀರ್ಮಾನಿಸಿದಳು. ಅವಳೊಂದಿಗೆ ನಾನೂ ಕುಳಿತಿದ್ದರಿಂದ ಆ ಮರದ ಬುಡಕ್ಕೆ ಹೊಡೆದಿದ್ದ ಬಿಲ್ಲೆ ನನ್ನ ಕಣ್ಣಿಗೆ ಬಿತ್ತು, ಕಳೆದ ಸಲ ನಿಂತೇ ಇದ್ದುದರಿಂದ ಅದು ಕಂಡಿರಲಿಲ್ಲ. ಹೂವು ಒಂದನ್ನೂ ಕೀಳಲಿಲ್ಲ ಎಂದು ಹೇಳಲಾರೆ, ಒಂದು ಕಿತ್ತಳು, ಆದರೆ ಕಿತ್ತ ಮೇಲೆ ನನ್ನ ಮುಖ ನೋಡಿ, "ಇದಕ್ಕೆ ಕೆಲಸ ಇತ್ತಾ?" ಎಂದು ಕೇಳಿದಳು.

ಗಾಜಿನ ಮನೆಯೊಂದು ಮಾತ್ರ ಉಳಿದಿದೆ. ಅದರ ಬಾಗಿಲು ಕಂಡ ಕೂಡಲೇ ನನ್ನ ಸೆರಗನ್ನು ಹಿಡಿದುಕೊಂಡಳು. ಅದನ್ನು ಬಿಟ್ಟುಬಿಡುವುದು ಒಳ್ಳೆಯದೇ, ಅಥವಾ ಮೆಲ್ಲಗೆ ಅಭ್ಯಾಸ ಮಾಡಿಸಬಹುದೇ?

ಉತ್ತರ 2 ಬರೆದವರು

ದೊಡ್ಡ ಎಲೆಯ ಮೇಲೆ ಕೂರುವ ಪ್ರಶ್ನೆ ಬಹಳ ಹಳೆಯದು, ಹಾಗಾಗಿ ಅದಕ್ಕೆ ಮೊದಲು ಉತ್ತರಿಸುತ್ತೇನೆ. ಅದು ಅಮೆಜಾನಿನ ವಿಕ್ಟೋರಿಯಾ ನೈದಿಲೆ ಇರಬೇಕು, ಅದರ ಎಲೆಯ ಅಡ್ಡಗಲ ಎರಡು ಮೀಟರಿಗಿಂತ ಹೆಚ್ಚಾಗಬಲ್ಲದು. ಇಂಗ್ಲೆಂಡಿನ ಚಾಟ್ಸ್‌ವರ್ತ್‌ನಲ್ಲಿ 1849ರ ನವೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ಅಲ್ಲಿನ ನೆಲದಲ್ಲಿ ಹೂಬಿಡಿಸಿದ ತೋಟಗಾರ ಜೋಸೆಫ್ ಪ್ಯಾಕ್ಸ್ಟನ್ ತಮ್ಮ ಪುಟ್ಟ ಮಗಳು ಆ್ಯನಿಯನ್ನು ಅದರ ಎಲೆಯ ಮೇಲೆ ನಿಲ್ಲಿಸಿ ನೋಡಿದ್ದರು. ಎಲೆ ಮುಳುಗಲಿಲ್ಲ. ಎಲೆಯ ತಳದಲ್ಲಿ ನಡುವಿನಿಂದ ಅಂಚಿಗೆ ಹಬ್ಬಿರುವ ದಪ್ಪ ನರಗಳು, ಅವುಗಳನ್ನು ಅಡ್ಡಡ್ಡಲಾಗಿ ಬೆಸೆಯುವ ತೆಳು ನರಗಳು ಭಾರವನ್ನು ಹಂಚಿಕೊಳ್ಳುತ್ತವೆ. ಆ ಜೋಡಣೆಯಿಂದ ಕಲಿತದ್ದನ್ನು ಪ್ಯಾಕ್ಸ್ಟನ್ 1851ರ ಲಂಡನ್ ಮಹಾಪ್ರದರ್ಶನದ ಗಾಜಿನ ಕಟ್ಟಡದ ವಿನ್ಯಾಸಕ್ಕೂ ಬಳಸಿದರು. ಮಗಳಿಗೆ ಹೀಗೆ ಹೇಳಬಹುದು: ಒಬ್ಬಳು ಹುಡುಗಿ ಒಮ್ಮೆ ನಿಂತಿದ್ದಳು, ಎಲೆ ಅವಳನ್ನು ಹೊತ್ತುಕೊಂಡಿತು, ಆದರೆ ಎಲೆಯ ಕೆಳಗೆಲ್ಲ ಮುಳ್ಳಿದೆ, ನೀರೂ ಇದೆ, ಅದಕ್ಕೇ ನಾವು ದಡದಿಂದ ನೋಡುತ್ತೇವೆ. ಸಾಧ್ಯವಾದರೆ ಹೂವು ಬಿಡುವ ದಿನಗಳಲ್ಲಿ ಒಂದು ಸಂಜೆ, ಮರುದಿನ ಸಂಜೆ ಹೀಗೆ ಎರಡು ಸಲ ಹೋಗಿ. ಮೊದಲ ಸಂಜೆ ಬೆಳ್ಳಗೆ ಅರಳಿದ ಹೂವು ಎರಡನೆಯ ಸಂಜೆಗೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ.

ಗಾಜಿನ ಮನೆಯನ್ನು ಬಿಡಬೇಕಾಗಿಲ್ಲ. ಅವಳು ಹೆದರಿದ್ದು ಗಿಡಗಳಿಗಲ್ಲ, ಎಲ್ಲಿಂದ ಬಂತೆಂದು ತಿಳಿಯದ ಸದ್ದಿಗೆ ಮತ್ತು ಮುಖಕ್ಕೆ ತಾಗಿದ ತೇವಕ್ಕೆ. ಒಳಗಿನ ಗಿಡಗಳು ಮಳೆಕಾಡಿನಿಂದ ಬಂದವಾದ್ದರಿಂದ ಅಲ್ಲಿಯ ಗಾಳಿಯನ್ನು ಬೆಚ್ಚಗೆ, ಒದ್ದೆಯಾಗಿ ಇಡಲು ಮೇಲಿನ ಕೊಳವೆಗಳಿಂದ ಆಗಾಗ ಮಂಜನ್ನು ಚಿಮ್ಮಿಸುತ್ತಾರೆ. ಸಾಮಾನ್ಯವಾಗಿ ಅದಕ್ಕೆ ನಿಗದಿತ ಹೊತ್ತು ಇರುತ್ತದೆ, ಸಿಬ್ಬಂದಿಯನ್ನು ಕೇಳಿ ತಿಳಿದುಕೊಳ್ಳಿ. ಮುಂದಿನ ಸಲ ಒಳಗೆ ಹೋಗಬೇಡಿ. ಮಂಜು ಚಿಮ್ಮುವ ಹೊತ್ತಿಗೆ ಹೊರಗಿನಿಂದ ಗಾಜಿನ ಗೋಡೆಗೆ ಹತ್ತಿರ ನಿಂತು, ಒಳಗೆ ಬಿಳಿಯ ಹೊಗೆಯಂತೆ ಅದು ಇಳಿಯುವುದನ್ನು ತೋರಿಸಿ, ಕೊಳವೆಯ ತೂತನ್ನೂ ಬೆರಳಿಟ್ಟು ತೋರಿಸಿ. ಅದರ ಮುಂದಿನ ಸಲ ಮಂಜು ನಿಂತ ಮೇಲೆ ಬಾಗಿಲ ಹೊಸ್ತಿಲವರೆಗೆ ಹೋಗಿ, ಅವಳು ತಾನಾಗಿ ನಿಮ್ಮ ಕೈ ಎಳೆಯುವವರೆಗೆ ಅಲ್ಲೇ ನಿಲ್ಲಿ. ಎಳೆಯದಿದ್ದರೆ ಇರುವೆಯ ಮರಕ್ಕೆ ಹೋಗಿ.

ಬಿಲ್ಲೆಯ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದರೆ ಉದ್ಯಾನದ ಕಚೇರಿಯಲ್ಲಿ ಕೇಳಿ, ಆ ಮರ ಎಲ್ಲಿಂದ ಬಂದದ್ದು ಎಂದು ಅವರು ದಾಖಲೆ ನೋಡಿ ಹೇಳಬಲ್ಲರು.